ನಲವತ್ತು ಟ್ಯಾಪ್‌ಗಳ ಬಿಯರ್ ಬಾರ್: ಆಯ್ಕೆಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಾನು ಪೊನ್ನಂಪೇಟೆ ಸಮೀಪದ ಕಾಫಿ ಬೆಳೆಗಾರ, ವಯಸ್ಸು ಅರವತ್ತರ ಆಸುಪಾಸು. ಕೈಲ್ ಪೊಳ್ದ್ ಹಬ್ಬ ಮುಗಿಸಿಕೊಂಡು ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಪತ್ನಿಯೊಂದಿಗೆ ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿರುವ ಮಗಳ ಮನೆಗೆ ಹೊರಟಿದ್ದೇನೆ. ಅರೇಬಿಕಾ ಕೊಯ್ಲಿಗೆ ಮೊದಲು ಹಿಂತಿರುಗಬೇಕು. ಅಲ್ಲಿ ನಲವತ್ತಕ್ಕೂ ಹೆಚ್ಚು ಟ್ಯಾಪ್‌ಗಳಿರುವ, ಪಟ್ಟಿ ದಿನವೂ ಬದಲಾಗುವ ಕ್ರಾಫ್ಟ್ ಬಿಯರ್ ಬಾರ್ ಒಂದಕ್ಕೆ ನಮ್ಮನ್ನು ಕರೆದೊಯ್ಯುವುದಾಗಿ ಅಳಿಯ ಹೇಳಿದ್ದಾರೆ. ನನಗೆ ಗೊತ್ತಿರುವುದು ಸಂಜೆಯ ಎರಡು ಪೆಗ್ ವಿಸ್ಕಿ ಮತ್ತು ಬಾಟಲಿಯ ಲೇಗರ್ ಮಾತ್ರ. ಅಷ್ಟು ದೊಡ್ಡ ಪಟ್ಟಿಯಲ್ಲಿ ಯಾವುದನ್ನು ಕೇಳಬೇಕು? ಸ್ವಲ್ಪ ರುಚಿ ನೋಡಲು ಕೊಡಿ ಎಂದರೆ ಜಿಪುಣತನವೆನಿಸುತ್ತದೆಯೇ? ನನ್ನ ಪತ್ನಿಗೆ ಕಹಿ ಸೇರುವುದಿಲ್ಲ. ಆಕೆಗೆ ಏನಾದರೂ ಸಿಗಬಹುದೇ? ಹಿಂತಿರುಗುವಾಗ ತಮ್ಮನಿಗಾಗಿ ಒಂದೆರಡು ಬಿಯರ್ ತರಬಹುದೇ?

ಉತ್ತರ: ಮೊದಲು ನೇರವಾದ ಉತ್ತರ. ದೊಡ್ಡ ಗ್ಲಾಸನ್ನು ಕೇಳಬೇಡಿ. ಇಬ್ಬರೂ ಸೇರಿ ನಾಲ್ಕು ಸಣ್ಣ ಗ್ಲಾಸುಗಳನ್ನು ತರಿಸಿಕೊಳ್ಳಿ. ಅವುಗಳಲ್ಲಿ ಮೊದಲನೆಯದು ಪಿಲ್ಸ್ನರ್ ಎಂಬ ಹೊಂಬಣ್ಣದ ಲೇಗರ್ ಆಗಿರಲಿ, ಎರಡನೆಯದು ಗೋಧಿಯ ಬಿಯರ್, ಮೂರನೆಯದು ಆ ವಾರವಷ್ಟೇ ಬಂದಿರುವ, ಕಹಿ ಮತ್ತು ಪರಿಮಳ ಕೊಡುವ ಹೂವಾದ ಹಸಿ ಹಾಪ್ಸ್‌ನ ಬಿಯರ್, ಕೊನೆಯದು ಸ್ಟೌಟ್ ಎಂಬ ಗಾಢವಾದ ಕಪ್ಪು ಬಿಯರ್. ಇಷ್ಟನ್ನೇ ಅಳಿಯನಿಗೆ ತಿಳಿಸಿ ಪಟ್ಟಿಯನ್ನು ಅವರ ಕೈಗೆ ಕೊಟ್ಟರೂ ನಿಮ್ಮ ಸಂಜೆ ಚೆನ್ನಾಗಿಯೇ ಕಳೆಯುತ್ತದೆ. ಆದರೆ ಹೀಗೇ ಏಕೆ ಎಂಬುದು ತಿಳಿದಿದ್ದರೆ, ಪಟ್ಟಿ ಎಷ್ಟು ಬದಲಾದರೂ ನೀವೇ ಆರಿಸಿಕೊಳ್ಳಬಲ್ಲಿರಿ.

ಟ್ಯಾಪ್‌ಗಳ ಸಂಖ್ಯೆಯನ್ನು ಬಾರಿನವರು ಹೆಮ್ಮೆಯಿಂದ ಫಲಕದಲ್ಲಿ ಹಾಕಿಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಸಂಖ್ಯೆ ಬಾರಿನ ತಲೆಯ ಮೇಲಿರುವ ಹೊರೆ. ಒಂದು ಲೆಕ್ಕ ಹಾಕಿ ನೋಡೋಣ. ಅಮೆರಿಕದಲ್ಲಿ ಬಳಕೆಯಲ್ಲಿರುವ ದೊಡ್ಡ ಕೆಗ್, ಅಂದರೆ ಬಿಯರ್ ತುಂಬಿದ ಲೋಹದ ಪೀಪಾಯಿ, ಸುಮಾರು 58.7 ಲೀಟರಿನದು, ಅಲ್ಲಿಯ ಪೈಂಟ್ ಗ್ಲಾಸು 473 ಮಿಲಿಲೀಟರಿನದಾದ್ದರಿಂದ ಒಂದು ಕೆಗ್‌ನಿಂದ ಏನೂ ಚೆಲ್ಲದಿದ್ದರೆ 124 ಗ್ಲಾಸು ಸಿಗುತ್ತದೆ. ನಲವತ್ತು ಟ್ಯಾಪ್‌ಗಳ ಬಾರ್ ದಿನಕ್ಕೆ ಮುನ್ನೂರು ಗ್ಲಾಸು ಮಾರುತ್ತದೆ ಎಂದು ಊಹಿಸಿದರೆ ಒಂದು ಟ್ಯಾಪ್‌ನ ಪಾಲಿಗೆ ಸರಾಸರಿ ಏಳೆಂಟು ಗ್ಲಾಸು ಮಾತ್ರ ಬರುತ್ತದೆ. ಅಂದರೆ ಒಂದು ದೊಡ್ಡ ಕೆಗ್ ಖಾಲಿಯಾಗಲು ಹದಿನಾರು ಹದಿನೇಳು ದಿನ ಬೇಕು. ಜನಪ್ರಿಯವಾದವು ಮೂರು ದಿನದಲ್ಲಿ ಮುಗಿದರೆ, ಯಾರೂ ಕೇಳದ ಒಂದೆರಡು ತಿಂಗಳುಗಟ್ಟಲೆ ಅಲ್ಲಿಯೇ ಕುಳಿತಿರುತ್ತವೆ. ಈ ಕಾರಣಕ್ಕೇ ತಿಳಿವಳಿಕೆಯುಳ್ಳ ಬಾರಿನವರು ಮೆಲ್ಲಗೆ ಮಾರಾಟವಾಗುವ ಬಿಯರ್‌ಗಳನ್ನು ಸುಮಾರು ಇಪ್ಪತ್ತು ಲೀಟರಿನ ಸಣ್ಣ ಕೆಗ್‌ಗಳಲ್ಲಿ ತರಿಸುತ್ತಾರೆ. ಆ ಕೆಗ್ ಐದಾರು ದಿನದಲ್ಲಿ ಬರಿದಾಗುತ್ತದೆ, ಅದರ ಜಾಗಕ್ಕೆ ಬೇರೊಂದು ಬ್ರೂವರಿಯ ಬಿಯರ್ ಬರುತ್ತದೆ, ಪಟ್ಟಿ ಬದಲಾಗುತ್ತದೆ. ಪಟ್ಟಿಯ ಬದಲಾವಣೆಯ ಹಿಂದೆ ಇರುವುದು ಹೊಸತನದ ಚಟವೊಂದೇ ಅಲ್ಲ, ಬಿಯರ್ ಹಳಸುವ ಮುನ್ನ ಮಾರಿ ಮುಗಿಸಬೇಕೆಂಬ ವ್ಯವಹಾರದ ಒತ್ತಡವೂ ಹೌದು.

ಬೈನೆ ಮರದ ಕಳ್ಳು ಬೆಳಿಗ್ಗೆ ಇದ್ದಂತೆ ಸಂಜೆ ಇರುವುದಿಲ್ಲ ಎಂಬುದು ನಿಮ್ಮ ಭಾಗದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಬಿಯರ್‌ನಲ್ಲಿಯೂ ಅಂಥದ್ದೇ ಇಳಿತವಿದೆ, ಅದು ಗಂಟೆಗಳ ಬದಲು ವಾರಗಳ ಲೆಕ್ಕದಲ್ಲಿ ನಡೆಯುತ್ತದೆ ಅಷ್ಟೆ. ಪಾಶ್ಚರೀಕರಿಸದ ಬಿಯರ್‌ನ ಕೆಗ್ ಮೂರು ನಾಲ್ಕು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿದ್ದರೆ ಸರಿಸುಮಾರು ಎರಡು ತಿಂಗಳು ಕುಡಿಯಲು ಯೋಗ್ಯವಾಗಿರುತ್ತದೆ. ಆದರೆ ಹಾಪ್ಸ್‌ನ ಪರಿಮಳವನ್ನೇ ನೆಚ್ಚಿಕೊಂಡ ಇಂಡಿಯಾ ಪೇಲ್ ಏಲ್ ಅಥವಾ ಐಪಿಎಯಂಥ ಬಿಯರ್‌ಗಳಲ್ಲಿ ಆ ಪರಿಮಳ ಅದಕ್ಕೂ ಬಹಳ ಮೊದಲೇ ಮಂಕಾಗಿ, ಕಹಿ ಮಾತ್ರ ಉಳಿದುಕೊಳ್ಳುತ್ತದೆ. ಹೆಚ್ಚು ಆಲ್ಕೋಹಾಲ್ ಇರುವ ಇಂಪೀರಿಯಲ್ ಸ್ಟೌಟ್, ಬಾರ್ಲಿ ವೈನ್ ಎಂಬ ಬಿಯರ್‌ಗಳು, ಹಾಗೆಯೇ ಬೆಲ್ಜಿಯಮ್ಮಿನ ಲ್ಯಾಂಬಿಕ್ ಎಂಬ ಹುಳಿ ಬಿಯರ್ ಮೊದಲಾದವು ಇದಕ್ಕೆ ಅಪವಾದ; ಅವು ತಿಂಗಳು, ಕೆಲವೊಮ್ಮೆ ವರ್ಷಗಳನ್ನೂ ತಾಳುತ್ತವೆ. ಆದ್ದರಿಂದ ಕೌಂಟರಿನಲ್ಲಿ ನಿಂತಾಗ ‘ನಿಮ್ಮಲ್ಲಿ ಯಾವುದು ಚೆನ್ನಾಗಿದೆ?’ ಎಂದು ಕೇಳುವ ಬದಲು ‘ಈ ವಾರ ಯಾವುದರ ಕೆಗ್ ಹೊಸದಾಗಿ ತೆರೆದಿದ್ದೀರಿ?’ ಎಂದು ಕೇಳಿ. ಮೊದಲನೆಯ ಪ್ರಶ್ನೆಗೆ ಮಾರಾಟಗಾರನ ಉತ್ತರ ಸಿಗುತ್ತದೆ, ಎರಡನೆಯದಕ್ಕೆ ಮಾಹಿತಿ ಸಿಗುತ್ತದೆ.

ಕೆಗ್‌ನಿಂದ ನಲ್ಲಿಯವರೆಗೆ ಬಿಯರ್ ಹರಿದು ಬರುವ ಕೊಳವೆಯ ವಿಷಯವನ್ನು ಗ್ರಾಹಕರು ಸಾಮಾನ್ಯವಾಗಿ ಯೋಚಿಸುವುದೇ ಇಲ್ಲ, ಆದರೆ ಕೆಟ್ಟ ಗ್ಲಾಸಿಗೆ ಬಹಳ ಸಲ ಕಾರಣ ಅಲ್ಲಿಯೇ ಇರುತ್ತದೆ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ತನ್ನ ಕೈಪಿಡಿಯಲ್ಲಿ ಈ ಕೊಳವೆಗಳನ್ನು ಕನಿಷ್ಠ 14 ದಿನಗಳಿಗೊಮ್ಮೆ ಕ್ಷಾರದ ದ್ರಾವಣದಿಂದ ತೊಳೆಯಬೇಕೆಂದು ಸೂಚಿಸುತ್ತದೆ. ನಲವತ್ತು ಕೊಳವೆಗಳೆಂದರೆ ಆ ಕೆಲಸವೂ ನಲವತ್ತು ಪಟ್ಟು. ತೊಳೆಯದೆ ಬಿಟ್ಟರೆ ಅವುಗಳ ಒಳಗೋಡೆಯಲ್ಲಿ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳ ಲೋಳೆ ಕಟ್ಟಿಕೊಂಡು, ಬ್ರೂವರಿಯಿಂದ ಸರಿಯಾಗಿಯೇ ಬಂದ ಬಿಯರ್ ಗ್ಲಾಸಿಗೆ ಬೀಳುವ ಹೊತ್ತಿಗೆ ಕೆಟ್ಟಿರುತ್ತದೆ. ಇದನ್ನು ಪತ್ತೆ ಹಚ್ಚಲು ನಿಮ್ಮ ಮೂಗು ಸಾಕು. ಗ್ಲಾಸಿನಲ್ಲಿ ಬೆಣ್ಣೆಯ ಅಥವಾ ಬೆಣ್ಣೆ ಹಾಕಿದ ಪಾಪ್‌ಕಾರ್ನ್‌ನ ವಾಸನೆ ಬಂದರೆ ಅದು ಡೈಅಸಿಟೈಲ್ ಎಂಬ ಸಂಯುಕ್ತ. ಹುದುಗುವಿಕೆ ಪೂರ್ಣಗೊಳ್ಳದಿದ್ದರೂ ಅದು ಉಳಿಯಬಹುದು, ಕೊಳಕು ಕೊಳವೆಯಿಂದಲೂ ಸೇರಬಹುದು. ಹುಳಿಯೆಂದು ಬರೆದಿರದ ಬಿಯರ್‌ನಲ್ಲಿ ವಿನೆಗರ್ ವಾಸನೆ ಬಂದರೆ ಕೊಳವೆಯನ್ನೇ ಸಂಶಯಿಸಬೇಕು. ಒದ್ದೆಯಾದ ರಟ್ಟಿನ ವಾಸನೆ ಬಂದರೆ ಆಮ್ಲಜನಕ ತಗುಲಿ ಬಿಯರ್ ಹಳೆಯದಾಗಿದೆ ಎಂದರ್ಥ. ಇಂಥ ಗ್ಲಾಸನ್ನು ಒಂದು ಗುಟುಕಿನ ನಂತರ ಮರಳಿಸಿ ಕಾರಣ ಹೇಳುವುದು ಅಲ್ಲಿ ಅಸಭ್ಯವಲ್ಲ. ಒಳ್ಳೆಯ ಬಾರಿನವರು ತಾವೇ ಒಂದು ಗುಟುಕು ನೋಡಿ, ವಾದ ಮಾಡದೆ ಬದಲಿಸಿ ಕೊಡುತ್ತಾರೆ. ಅರ್ಧ ಗ್ಲಾಸು ಮುಗಿಸಿದ ಮೇಲೆ ದೂರು ಹೇಳುವುದು ಮಾತ್ರ ಎಲ್ಲಿಯೂ ಶೋಭಿಸುವುದಿಲ್ಲ.

ಮೊದಲನೆಯದು ಪಿಲ್ಸ್ನರ್ ಆಗಿರಲಿ ಎಂದುದಕ್ಕೆ ಕಾರಣವೂ ಇದೇ. 1842ರಲ್ಲಿ ಬೊಹೀಮಿಯಾದ ಪ್ಲ್ಜೆನ್ ಪಟ್ಟಣದಲ್ಲಿ ಯೋಸೆಫ್ ಗ್ರೋಲ್ ಎಂಬ ಬ್ರೂವರ್ ತಯಾರಿಸಿದ ಹೊಂಬಣ್ಣದ ಲೇಗರ್ ಈ ವರ್ಗದ ಮೂಲ. ಅದರಲ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸ್, ನೀರು ಮತ್ತು ಯೀಸ್ಟ್ ಬಿಟ್ಟು ಬೇರೇನೂ ಇರುವುದಿಲ್ಲ. ದೋಷವನ್ನು ಮುಚ್ಚಿಡಲು ಹಣ್ಣಾಗಲಿ ಸುಟ್ಟ ಧಾನ್ಯವಾಗಲಿ ನೆರವಿಗೆ ಬರುವುದಿಲ್ಲ. ಪಿಲ್ಸ್ನರ್ ಶುದ್ಧವಾಗಿ, ಗರಿಗರಿಯಾಗಿ, ಬಿಳಿಯ ನೊರೆಯೊಂದಿಗೆ ಬಂದರೆ ಆ ಬಾರಿನ ಉಳಿದ ಟ್ಯಾಪ್‌ಗಳನ್ನೂ ಬಹುಮಟ್ಟಿಗೆ ನಂಬಬಹುದು. ನೀವು ಈಗಾಗಲೇ ಬಲ್ಲ ಬಾಟಲಿ ಲೇಗರ್‌ನ ಹತ್ತಿರದ ಬಂಧುವೂ ಅದೇ ಆದ್ದರಿಂದ ಹೋಲಿಸಿ ನೋಡಲು ನಿಮಗೊಂದು ಆಧಾರವೂ ದೊರೆಯುತ್ತದೆ. ಎರಡು ಬೆರಳಷ್ಟು ನೊರೆಯನ್ನು ಕಂಡು ‘ಅಳತೆಯಲ್ಲಿ ಮೋಸ’ ಎಂದು ಭಾವಿಸಬೇಡಿ; ಪರಿಮಳವನ್ನು ಮೂಗಿಗೆ ತಲುಪಿಸುವುದು ಆ ನೊರೆಯೇ. ಗುಟುಕು ಗುಟುಕಿಗೂ ನೊರೆ ಗ್ಲಾಸಿನ ಒಳಗೋಡೆಗೆ ಬಳೆಯಂತೆ ಅಂಟಿಕೊಂಡರೆ ಗ್ಲಾಸು ಶುಭ್ರವಾಗಿದೆ. ಗ್ಲಾಸಿನ ಬದಿಗಳಲ್ಲಿ ಗುಳ್ಳೆಗಳು ಗುಂಪಾಗಿ ಕಚ್ಚಿಕೊಂಡಿದ್ದರೆ ಜಿಡ್ಡು ಅಥವಾ ಸೋಪಿನ ಅಂಶ ಉಳಿದಿದೆ.

ಇನ್ನು ಪಟ್ಟಿಯನ್ನು ಓದುವ ಬಗೆ. ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಬಿಯರ್‌ನ ಹೆಸರು, ಬ್ರೂವರಿ ಮತ್ತು ಅದರ ಊರು, ಶೈಲಿ, ಆಲ್ಕೋಹಾಲ್ ಪ್ರಮಾಣ, ಗ್ಲಾಸಿನ ಅಳತೆ ಮತ್ತು ಬೆಲೆ ಇರುತ್ತವೆ. ಹೆಸರುಗಳು ಚಮತ್ಕಾರಿಕವಾಗಿರುತ್ತವೆ, ಅವುಗಳಿಂದ ಏನೂ ತಿಳಿಯುವುದಿಲ್ಲ. ಶೈಲಿ ಮತ್ತು ಆಲ್ಕೋಹಾಲ್ ಎಂಬ ಎರಡೇ ಅಂಕಣಗಳನ್ನು ಓದಿದರೆ ಸಾಕು. ಕೆಲವು ಕಡೆ ಐಬಿಯು ಎಂಬ ಇನ್ನೊಂದು ಅಂಕಿಯನ್ನೂ ಬರೆದಿರುತ್ತಾರೆ. ಅದು ಕಹಿಯ ಅಳತೆ: ಹಾಪ್ಸ್ ಕುದಿಯುವಾಗ ಉಂಟಾಗುವ ಐಸೋ-ಆಲ್ಫಾ ಆಮ್ಲಗಳು ಲೀಟರಿಗೆ ಎಷ್ಟು ಮಿಲಿಗ್ರಾಂ ಇವೆ ಎಂಬುದನ್ನು ಅದು ಸ್ಥೂಲವಾಗಿ ಹೇಳುತ್ತದೆ. ನಿಮಗೆ ಪರಿಚಿತವಾದ ಬಾಟಲಿ ಲೇಗರ್ ಹತ್ತು ಹದಿನೈದರ ಆಸುಪಾಸಿನಲ್ಲಿದ್ದರೆ ಪಿಲ್ಸ್ನರ್ 25ರಿಂದ 45ರವರೆಗೆ, ಐಪಿಎ 40ರಿಂದ 70ರವರೆಗೆ ಇರಬಹುದು. ಆದರೆ ಈ ಅಂಕಿಯನ್ನು ಅಕ್ಷರಶಃ ನಂಬಿ ಆರಿಸಿದರೆ ಮೋಸಹೋಗುತ್ತೀರಿ. ಮಾಲ್ಟ್‌ನ ಸಿಹಿ ಹೆಚ್ಚಿದ್ದರೆ ಅರವತ್ತರ ಕಹಿಯೂ ಮೃದುವಾಗಿ ತೋರುತ್ತದೆ, ನೀರಿನಂತೆ ತೆಳ್ಳಗಿರುವ ಬಿಯರ್‌ನಲ್ಲಿ ಮೂವತ್ತೇ ಚುರುಕಾಗಿ ತಾಗುತ್ತದೆ. ಸ್ಟೌಟ್‌ನಲ್ಲಿ ಹುರಿದ ಬಾರ್ಲಿ ಕೊಡುವ ಕಹಿಗೆ ಈ ಅಂಕಿಯಲ್ಲಿ ಸ್ಥಾನವೇ ಇಲ್ಲ.

ಇಲ್ಲಿ ನಿಮಗೊಂದು ಅನುಕೂಲವಿದೆ. ಕಾಫಿ ಬೆಳೆದು, ಹುರಿದು, ಕುಡಿಯುವವರ ನಾಲಿಗೆ ಕಹಿಯಲ್ಲಿ ಬಗೆಗಳಿವೆ ಎಂಬುದನ್ನು ಬಲ್ಲದು. ರೋಬಸ್ಟಾದ ಒರಟು ಕಹಿ, ಅರೇಬಿಕಾದ ಹಗುರವಾದ ಕಹಿ, ಹೆಚ್ಚು ಹುರಿದುದರ ಇದ್ದಿಲಿನಂಥ ಕಹಿ ಬೇರೆ ಬೇರೆ ಎಂದು ನೀವು ಕಣ್ಣು ಮುಚ್ಚಿ ಹೇಳಬಲ್ಲಿರಿ. ಸ್ಟೌಟ್‌ನ ಕಹಿ ನಿಮಗೆ ಹೊಸದೆನಿಸುವುದಿಲ್ಲ, ಏಕೆಂದರೆ ಅದೂ ಹುರಿಯುವಿಕೆಯಿಂದಲೇ ಬಂದದ್ದು. ಮೊದಲ ಬಾರಿಗೆ ಇಂಥ ಬಾರಿಗೆ ಹೋಗುವ ಕೊಡಗಿನವರಿಗೆ ಪಟ್ಟಿಯ ಕೊನೆಯ ಸಾಲುಗಳಲ್ಲಿರುವ ಈ ಕಪ್ಪು ಬಿಯರ್‌ಗಳೇ ಬೇಗ ಒಗ್ಗುತ್ತವೆ ಎಂಬುದು ನನ್ನ ಅನುಭವ. ಹಾಪ್ಸ್‌ನ ಕಹಿಗೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಅದು ನಾಲಿಗೆಯ ಹಿಂಭಾಗದಲ್ಲಿ ತಡವಾಗಿ ಏಳುತ್ತದೆ, ಬಹಳ ಹೊತ್ತು ನಿಲ್ಲುತ್ತದೆ. ಅಂದಹಾಗೆ, ಹಾಪ್ಸ್ ಕೂಡ ಕರಿಮೆಣಸಿನ ಹಾಗೆ ಆಸರೆ ಹಿಡಿದು ಮೇಲಕ್ಕೆ ಹಬ್ಬುವ ಬಳ್ಳಿ. ಎರಡರ ತೈಲದಲ್ಲಿಯೂ ಕ್ಯಾರಿಯೊಫಿಲೀನ್ ಎಂಬ ಸುಗಂಧದ್ರವ್ಯವಿದೆ. ಕೆಲವು ಐಪಿಎಗಳಲ್ಲಿ ನಿಮಗೆ ಮೆಣಸಿನ ಛಾಯೆ ಕಂಡರೆ ಅದು ಭ್ರಮೆಯಲ್ಲ. ಭಾರತದಲ್ಲಿ ಹಾಪ್ಸ್ ಬೆಳೆಯುವುದು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಂಥ ಶೀತಪ್ರದೇಶದಲ್ಲಿ. ಬೇಸಿಗೆಯ ದೀರ್ಘ ಹಗಲು ಮತ್ತು ಚಳಿಗಾಲದ ನಿದ್ರೆ ಎರಡೂ ಅದಕ್ಕೆ ಬೇಕಾಗಿರುವುದರಿಂದ ನಮ್ಮ ಸಿಲ್ವರ್ ಓಕ್ ಮರಗಳಿಗೆ ಅದನ್ನು ಹಬ್ಬಿಸುವ ಆಸೆಯನ್ನು ಯಾರೂ ಇಟ್ಟುಕೊಳ್ಳಬೇಕಾಗಿಲ್ಲ.

ನೀವು ಹೊರಟಿರುವ ತಿಂಗಳು ನಿಮಗೆ ಗೊತ್ತಿಲ್ಲದೆಯೇ ಬಹಳ ಸರಿಯಾಗಿದೆ. ಆರೆಗನ್ನಿನ ವಿಲ್ಲಾಮೆಟ್ ಕಣಿವೆ ಮತ್ತು ನೆರೆಯ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆ ಅಮೆರಿಕದ ಹಾಪ್ಸ್ ಕೃಷಿಯ ಕೇಂದ್ರಗಳು. ಅಮೆರಿಕನ್ ಕ್ರಾಫ್ಟ್ ಬಿಯರ್‌ಗೆ ಅದರದೇ ಆದ ಗುರುತು ಕೊಟ್ಟ, ಚಕ್ಕೋತದ ಸಿಪ್ಪೆಯಂಥ ಪರಿಮಳದ ಕ್ಯಾಸ್ಕೇಡ್ ತಳಿ 1972ರಲ್ಲಿ ಬಿಡುಗಡೆಯಾದದ್ದೂ ಆರೆಗನ್ನಿನ ಸಂಶೋಧನೆಯಿಂದಲೇ. ಅಲ್ಲಿ ಹಾಪ್ಸ್ ಕೊಯ್ಲು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಡೆಯುತ್ತದೆ. ಕೊಯ್ದ ಹೂವಿನಲ್ಲಿ ಶೇಕಡ 80ರ ಹತ್ತಿರ ನೀರಿರುವುದರಿಂದ ಅದನ್ನು ಕೂಡಲೇ ಒಣಗಿಸಿ ಶೇಕಡ 10ರ ಸುಮಾರಿಗೆ ಇಳಿಸಿ, ಒತ್ತಿ, ವರ್ಷವಿಡೀ ಬಳಸುತ್ತಾರೆ. ಆದರೆ ಕೊಯ್ಲಿನ ಆ ಕೆಲವು ವಾರಗಳಲ್ಲಿ ಮಾತ್ರ ಬ್ರೂವರಿಗಳವರು ತಾವೇ ತೋಟಕ್ಕೆ ವಾಹನ ಕಳುಹಿಸಿ, ಒಣಗಿಸದ ಹಸಿ ಹೂವನ್ನು ತಂದು ಅದೇ ದಿನ ಬಿಯರ್‌ಗೆ ಹಾಕುತ್ತಾರೆ. ಇದನ್ನೇ ಫ್ರೆಶ್ ಹಾಪ್ ಬಿಯರ್ ಎನ್ನುವುದು. ಹಸಿ ಹುಲ್ಲು, ಎಳೆಯ ಎಲೆ, ಮುರಿದ ಕಾಂಡದ ಹಸಿರು ವಾಸನೆ ಅದರಲ್ಲಿರುತ್ತದೆ. ಕೆಲವು ವಾರಗಳಲ್ಲಿ ಅದು ಹಾರಿಹೋಗುತ್ತದೆ. ಹಾಪ್ಸ್ ತೋಟದಿಂದ ದೂರವಿರುವ ನಾಡುಗಳಲ್ಲಿ ಎಷ್ಟು ಹಣ ಕೊಟ್ಟರೂ ಇದು ಸಿಗುವುದು ಕಷ್ಟ. ಆದ್ದರಿಂದ ಸೆಪ್ಟೆಂಬರ್ ಕೊನೆಯಲ್ಲಿ ಪೋರ್ಟ್‌ಲ್ಯಾಂಡ್‌ನ ಪಟ್ಟಿಯಲ್ಲಿ ಫ್ರೆಶ್ ಹಾಪ್ ಎಂಬ ಪದ ಕಂಡರೆ ಉಳಿದ ಮೂವತ್ತೊಂಬತ್ತನ್ನು ಮರೆತು ಅದನ್ನು ಕೇಳಿ. ಉಳಿದವುಗಳ ಬಗೆಗಳು ಮುಂದಿನ ಯಾವುದೇ ತಿಂಗಳಲ್ಲಿ, ಪ್ರಾಯಶಃ ಬೆಂಗಳೂರಿನಲ್ಲಿಯೂ ನಿಮಗೆ ದೊರೆಯಬಹುದು.

ನಿಮ್ಮ ಪತ್ನಿಯವರಿಗೆ ಆಯ್ಕೆ ಕಡಿಮೆಯೇನಿಲ್ಲ. ಬವೇರಿಯಾ ಶೈಲಿಯ ಹೆಫೆವೈಜನ್ ಎಂಬ ಗೋಧಿ ಬಿಯರ್‌ನಲ್ಲಿ ಕಹಿ ಬಹಳ ಕಡಿಮೆ. ಬಾಳೆಹಣ್ಣು ಮತ್ತು ಲವಂಗದ ಪರಿಮಳ ಅದರಲ್ಲಿದ್ದರೂ ಅವೆರಡನ್ನೂ ಯಾರೂ ಹಾಕಿರುವುದಿಲ್ಲ, ಯೀಸ್ಟ್ ತಾನೇ ಸೃಷ್ಟಿಸಿರುತ್ತದೆ. ಅಮೆರಿಕದ ಬ್ರೂವರಿಗಳು ಅದೇ ಹೆಸರಿನಲ್ಲಿ ಈ ಪರಿಮಳವಿಲ್ಲದ ಗೋಧಿ ಬಿಯರ್ ಮಾಡುವುದೂ ಉಂಟು, ಆದ್ದರಿಂದ ಜರ್ಮನ್ ಬಗೆಯದೇ ಎಂದು ಕೇಳಿ ತಿಳಿದುಕೊಳ್ಳಿ. ಬೆಲ್ಜಿಯಮ್ಮಿನ ವಿಟ್‌ಬಿಯರ್‌ಗೆ ನಿಜವಾಗಿಯೇ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಬೀಳುತ್ತದೆ. ನಿಂತೇ ಹೋಗಿದ್ದ ಈ ಶೈಲಿಯನ್ನು ಹೂಗಾರ್ಡನ್ ಎಂಬ ಊರಿನಲ್ಲಿ ಪಿಯರ್ ಸೆಲಿಸ್ 1966ರಲ್ಲಿ ಮತ್ತೆ ಆರಂಭಿಸಿದರು. ಕಿತ್ತಳೆಯ ನಾಡಿನವರಿಗೆ ಇದು ಹಿಡಿಸದಿರುವುದು ಅಪರೂಪ. ಕಾಚಂಪುಳಿಯ ಹುಳಿಯನ್ನು ಇಷ್ಟಪಡುವವರಾದರೆ ಹಣ್ಣು ಹಾಕಿದ ಹುಳಿ ಬಿಯರ್ ಅಥವಾ ಚೂರು ಉಪ್ಪಿರುವ ಗೋಸೆ ಎಂಬ ಹುಳಿ ಬಿಯರನ್ನು ಕೂಡ ಪ್ರಯತ್ನಿಸಬಹುದು. ಹಾಲಿನ ಸಕ್ಕರೆ ಹಾಕಿದ ಮಿಲ್ಕ್ ಸ್ಟೌಟ್ ಸಿಹಿಯಾಗಿರುತ್ತದೆ. ಹಾಲು ಜೀರ್ಣವಾಗದವರಿಗೆ ಅದು ಬೇಡ. ಮಬ್ಬಾಗಿ, ಹಣ್ಣಿನ ರಸದಂತೆ ಕಾಣುವ ಹೇಜಿ ಐಪಿಎಯನ್ನು ‘ಕಹಿಯೇ ಇಲ್ಲ’ ಎಂದು ಅಳಿಯ ಹೊಗಳಬಹುದು. ಕಹಿ ಕಡಿಮೆಯೆಂಬುದು ನಿಜ, ಆದರೆ ಆಲ್ಕೋಹಾಲ್ ಶೇಕಡ 6ರಿಂದ 7ರವರೆಗೆ ಅಡಗಿ ಕುಳಿತಿರುತ್ತದೆ.

ಅಲ್ಲಿಂದಲೇ ಮುಂದಿನ ವಿಷಯಕ್ಕೆ ಬರುತ್ತೇನೆ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ‘ಬಿಯರ್ ತಾನೆ’ ಎಂಬ ನಮ್ಮ ಊರಿನ ಉಡಾಫೆ ಇಂಥ ಬಾರುಗಳಲ್ಲಿ ನಡೆಯುವುದಿಲ್ಲ. ನಿಮಗೆ ತಿಳಿದ ಅಳತೆಯಲ್ಲೇ ಹೇಳುವುದಾದರೆ, ಶೇಕಡ 42.8ರ ವಿಸ್ಕಿಯ 30 ಮಿಲಿಲೀಟರಿನ ಒಂದು ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ನಮ್ಮಲ್ಲಿಯ 650 ಮಿಲಿಲೀಟರಿನ, ಶೇಕಡ 5ರ ಬಿಯರ್ ಬಾಟಲಿಯೊಂದರಲ್ಲಿ 25 ಗ್ರಾಂ ದಾಟುತ್ತದೆ, ಅಂದರೆ ಎರಡೂವರೆ ಸಣ್ಣ ಪೆಗ್. ಪೋರ್ಟ್‌ಲ್ಯಾಂಡ್‌ನ 473 ಮಿಲಿಲೀಟರಿನ ಒಂದೇ ಗ್ಲಾಸು ಐಪಿಎ ಶೇಕಡ 7ರದಾದರೆ ಅದರಲ್ಲಿಯೂ 26 ಗ್ರಾಂ ಇರುತ್ತದೆ; ನಿಮ್ಮ 60 ಮಿಲಿಲೀಟರಿನ ದೊಡ್ಡ ಪೆಗ್‌ಗಿಂತ ಅದು ಹೆಚ್ಚು. ಶೇಕಡ 11ರ ಇಂಪೀರಿಯಲ್ ಸ್ಟೌಟ್ ಆದರೆ ಕೇವಲ 150 ಮಿಲಿಲೀಟರಿನಲ್ಲಿಯೇ 13 ಗ್ರಾಂ. ಆರೋಗ್ಯವಂತ ವಯಸ್ಕರ ಯಕೃತ್ತು ಗಂಟೆಗೆ ಹೆಚ್ಚೆಂದರೆ ಏಳರಿಂದ ಹತ್ತು ಗ್ರಾಂನಷ್ಟನ್ನು ಕರಗಿಸುತ್ತದೆ. ಮೂರು ಪೂರ್ಣ ಗ್ಲಾಸುಗಳನ್ನು ಎರಡು ಗಂಟೆಯಲ್ಲಿ ಮುಗಿಸಿದವರು ರುಚಿ ನೋಡಲು ಹೋದವರೇ ಆಗಿದ್ದರೂ ಮೂರನೆಯದರ ರುಚಿ ಅವರಿಗೆ ನೆನಪಿರುವುದಿಲ್ಲ.

ಅದಕ್ಕೇ ಫ್ಲೈಟ್ ಎಂಬ ಪದ್ಧತಿ ಇರುವುದು: ಒಂದು ಮರದ ಹಲಗೆಯ ಮೇಲೆ 120ರಿಂದ 150 ಮಿಲಿಲೀಟರಿನ ನಾಲ್ಕೈದು ಸಣ್ಣ ಗ್ಲಾಸುಗಳನ್ನು ಇಟ್ಟು ಕೊಡುತ್ತಾರೆ. 120 ಮಿಲಿಲೀಟರಿನ ನಾಲ್ಕು ಗ್ಲಾಸುಗಳು ಸರಾಸರಿ ಶೇಕಡ 6ರದಾದರೆ ಒಟ್ಟು 23 ಗ್ರಾಂನಷ್ಟಾಗುತ್ತದೆ. ಅದನ್ನು ನೀವಿಬ್ಬರೂ ಹಂಚಿಕೊಂಡರೆ ತಲಾ ಒಂದು ಸಣ್ಣ ಪೆಗ್‌ಗಿಂತ ತುಸು ಹೆಚ್ಚು. ಎರಡನೆಯ ಸುತ್ತಿಗೂ ಅವಕಾಶ ಉಳಿಯುತ್ತದೆ. ಕುಡಿಯುವ ಕ್ರಮ ಕಾಫಿ ರುಚಿ ಪರೀಕ್ಷಕರಿಗೆ ಗೊತ್ತಿರುವುದೇ: ಹಗುರವಾದದ್ದರಿಂದ ಗಾಢವಾದದ್ದಕ್ಕೆ, ಕಡಿಮೆ ಕಹಿಯಿಂದ ಹೆಚ್ಚಿನದಕ್ಕೆ, ಹುಳಿ ಮತ್ತು ಅತಿ ಸಿಹಿಯನ್ನು ಕೊನೆಗೆ. ಪ್ರತಿಯೊಂದನ್ನೂ ಮೊದಲು ಮೂಸಿ, ಆಮೇಲೆ ನುಂಗಿ. ನಡುವೆ ನೀರು ಕುಡಿಯಿರಿ. ಸ್ಟೌಟ್ ಬಂದ ಕೂಡಲೇ ಕುಡಿಯದೆ ಹತ್ತು ಹದಿನೈದು ನಿಮಿಷ ಬಿಡಿ, ಅತಿ ತಂಪಿನಲ್ಲಿ ಅದರ ಅರ್ಧ ಗುಣ ಮುಚ್ಚಿಹೋಗಿರುತ್ತದೆ. ಪಟ್ಟಿಯಲ್ಲಿ ನೈಟ್ರೋ ಎಂದಿದ್ದರೆ ಇಂಗಾಲದ ಡೈಆಕ್ಸೈಡ್ ಜೊತೆಗೆ ನೈಟ್ರೋಜನ್ ಬೆರೆಸಿ ಹೊರತೆಗೆಯುವ ಬಿಯರ್ ಅದು. ಗಿನ್ನೆಸ್ ಕಂಪನಿಯಲ್ಲಿ ಮೈಕೆಲ್ ಆ್ಯಶ್ ಎಂಬ ಗಣಿತಜ್ಞರು 1959ರಲ್ಲಿ ಬಳಕೆಗೆ ತಂದ ಈ ವಿಧಾನದಿಂದ ನೊರೆ ಕೆನೆಯಷ್ಟು ನಯವಾಗುತ್ತದೆ.

ರುಚಿ ನೋಡಲು ಕೇಳುವುದು ಜಿಪುಣತನವೇ ಎಂಬ ನಿಮ್ಮ ಸಂಕೋಚ ಬೇಡ. ಒಂದೆರಡು ಗುಟುಕನ್ನು ಉಚಿತವಾಗಿ ಕೊಡುವುದು ಅಲ್ಲಿ ವಾಡಿಕೆಯ ಸೌಜನ್ಯ. ಒಂದೋ ಎರಡೋ ಕೇಳಿ, ಆಮೇಲೆ ಏನನ್ನಾದರೂ ಖರೀದಿಸಿ. ಹಿಂದೆ ಸಾಲು ನಿಂತಿರುವಾಗ ಏಳೆಂಟನ್ನು ಕೇಳುತ್ತಾ ಹೋದರೆ ಮಾತ್ರ ಮುಖ ಗಂಟಿಕ್ಕುತ್ತಾರೆ. ಸುರಿದು ಕೊಡುವವರಿಗೆ ಒಂದು ಗ್ಲಾಸಿಗೆ ಒಂದು ಡಾಲರ್ ಅಥವಾ ಬಿಲ್ಲಿನ ಶೇಕಡ 15ರಿಂದ 20ರಷ್ಟು ಟಿಪ್ ಬಿಡುವುದು ಅಲ್ಲಿಯ ರೂಢಿ. ಆರೆಗನ್ನಿನಲ್ಲಿ ಮಾರಾಟ ತೆರಿಗೆ ಇಲ್ಲದಿರುವುದರಿಂದ ಪಟ್ಟಿಯಲ್ಲಿದ್ದ ಬೆಲೆಯೇ ಬಿಲ್ಲಿನಲ್ಲಿಯೂ ಬರುತ್ತದೆ. ಕೂದಲು ಬೆಳ್ಳಗಿದ್ದರೂ ವಯಸ್ಸಿನ ದಾಖಲೆ ಕೇಳಬಹುದು, ಪಾಸ್‌ಪೋರ್ಟ್ ಜೊತೆಗಿರಲಿ. ಹೋಗಲು ವಾರದ ನಡುವಿನ ದಿನದ ಇಳಿಹೊತ್ತನ್ನು ಆರಿಸಿಕೊಳ್ಳಿ; ಶುಕ್ರವಾರ ರಾತ್ರಿ ಬಾರಿನವರಿಗೆ ಮಾತಾಡಲು ಪುರಸೊತ್ತಿರುವುದಿಲ್ಲ. ಹನ್ನೆರಡೂವರೆ ಗಂಟೆಗಳ ಸಮಯ ವ್ಯತ್ಯಾಸದಿಂದ ದೇಹ ಚೇತರಿಸಿಕೊಳ್ಳುವ ಮೊದಲ ಕೆಲವು ದಿನಗಳನ್ನು ಬಿಟ್ಟುಬಿಡಿ. ಕಾರನ್ನು ಮನೆಯಲ್ಲೇ ಬಿಟ್ಟು ಮ್ಯಾಕ್ಸ್ ರೈಲಿನಲ್ಲೋ ಟ್ಯಾಕ್ಸಿಯಲ್ಲೋ ಹೋಗುವಂತೆ ಅಳಿಯನಿಗೆ ಈಗಲೇ ಹೇಳಿ. ರಕ್ತದೊತ್ತಡ, ಮಧುಮೇಹ ಅಥವಾ ಯೂರಿಕ್ ಆಮ್ಲಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮುನ್ನ ವೈದ್ಯರನ್ನು ಕೇಳಿ; ಯೂರಿಕ್ ಆಮ್ಲದ ತೊಂದರೆಯವರಿಗೆ ಬಿಯರ್ ವಿಸ್ಕಿಗಿಂತಲೂ ಹೆಚ್ಚು ಕಾಟ ಕೊಡಬಲ್ಲದು.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಮಗಳು ಒಂದು ದಿನ ಪಂದಿ ಕರಿ, ಕಡಂಬುಟ್ಟು ಮಾಡಿ ಬಾರಿನಿಂದ ಬಿಯರ್ ತರಿಸುವ ಸಾಧ್ಯತೆ ಇದ್ದೇ ಇರುವುದರಿಂದ ಒಂದು ಮಾತು. ಖಾರದ ಜೊತೆಗೆ ಐಪಿಎ ಬೇಡ. ಕಹಿಯೂ ಆಲ್ಕೋಹಾಲೂ ಮೆಣಸಿನ ಉರಿಯನ್ನು ಹೆಚ್ಚಿಸುತ್ತವೆ. ಹುರಿದ ಮಸಾಲೆಯ ಕಪ್ಪು, ಕಾಚಂಪುಳಿಯ ಹುಳಿ ಮತ್ತು ಕೊಬ್ಬು ಮೂರೂ ಇರುವ ಆ ಅಡುಗೆಗೆ ಮಾಲ್ಟ್‌ನ ಸಿಹಿಯಿರುವ ಬ್ರೌನ್ ಏಲ್, ಪೋರ್ಟರ್ ಅಥವಾ ಬೆಲ್ಜಿಯಮ್ಮಿನ ಡುಬೆಲ್ ಚೆನ್ನಾಗಿ ಹೊಂದುತ್ತದೆ.

ಹೊರಡುವ ಮುನ್ನ ಬೆಂಗಳೂರಿನಲ್ಲಿ ಒಂದು ಸಂಜೆ ಸಿಕ್ಕರೆ ಅಭ್ಯಾಸ ಮಾಡಿಕೊಳ್ಳಬಹುದು. ಇಂದಿರಾನಗರದ ಟಾಯ್ಟ್ 2010ರಿಂದ, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ 2012ರಿಂದ ತಮ್ಮ ಬಿಯರ್‌ಗಳನ್ನು ತಾವೇ ತಯಾರಿಸುತ್ತಿವೆ. ಇವು ನೀವು ನೋಡಲಿರುವ ಬಾರಿನ ಜಾತಿಯವಲ್ಲ ಎಂಬುದು ನೆನಪಿರಲಿ: ಇಲ್ಲಿ ಒಂದೇ ಅಡುಗೆಮನೆಯ ಕೆಲವು ಬಿಯರ್‌ಗಳಿರುತ್ತವೆ, ಅಲ್ಲಿ ಹತ್ತಾರು ಬ್ರೂವರಿಗಳವು. ಆದರೆ ಗೋಧಿ ಬಿಯರ್, ಐಪಿಎ, ಸ್ಟೌಟ್ ಎಂಬ ಮೂರು ಮುಖ್ಯ ದಾರಿಗಳ ಪರಿಚಯಕ್ಕೆ ಇವು ಧಾರಾಳವಾಗಿ ಸಾಕು, ಸಣ್ಣ ಗ್ಲಾಸುಗಳ ಹಲಗೆಯನ್ನೂ ಕೊಡುತ್ತಾರೆ.

ಕೊನೆಯದಾಗಿ, ತಮ್ಮನಿಗೆ ತರುವ ವಿಷಯ. ವಿದೇಶದಿಂದ ಬರುವ ಪ್ರತಿ ವಯಸ್ಕ ಪ್ರಯಾಣಿಕರು ಒಟ್ಟು ಎರಡು ಲೀಟರಿನವರೆಗೆ ಮದ್ಯವನ್ನು ಸುಂಕವಿಲ್ಲದೆ ತರಲು ಭಾರತದ ಕಸ್ಟಮ್ಸ್ ನಿಯಮ ಅವಕಾಶ ಕೊಡುತ್ತದೆ. ಬಿಯರ್ ಕೂಡ ಆ ಲೆಕ್ಕದಲ್ಲಿಯೇ ಸೇರುತ್ತದೆ, ನೀವು ವಿಸ್ಕಿ ಕೊಂಡರೆ ಅಷ್ಟು ಕಡಿಮೆಯಾಗುತ್ತದೆ. ಬಾರಿನವರು ಟ್ಯಾಪ್‌ನಿಂದಲೇ ತುಂಬಿ ಕೊಡುವ ಗ್ರೌಲರ್ ಎಂಬ ಜಾಡಿಯನ್ನು ತರುವ ಆಲೋಚನೆ ಬೇಡ, ಅದರೊಳಗಿನ ಬಿಯರ್ ಕೆಲವೇ ದಿನಗಳಲ್ಲಿ ಕೆಡುತ್ತದೆ. ಫ್ರೆಶ್ ಹಾಪ್ ಬಿಯರ್‌ನ ಕ್ಯಾನ್ ಕೂಡ ಬೇಡ, ಅದನ್ನು ಅಲ್ಲಿಯೇ ಕುಡಿದು ಬನ್ನಿ. ಬ್ರೂವರಿಯಲ್ಲೇ ಮುಚ್ಚಿದ, ಶೇಕಡ 10ಕ್ಕಿಂತ ಹೆಚ್ಚಿನ ಇಂಪೀರಿಯಲ್ ಸ್ಟೌಟ್‌ನ ಎರಡು ಕ್ಯಾನ್‌ಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ, ಚೆಕ್-ಇನ್ ಮಾಡುವ ಪೆಟ್ಟಿಗೆಯ ನಡುಭಾಗದಲ್ಲಿಡಿ. ಮನೆಯಲ್ಲಿ ಬಿಸಿಲು ತಾಗದ ತಂಪಾದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಟ್ಟರೆ ಪುತ್ತರಿಯವರೆಗೂ ಅದಕ್ಕೆ ಏನೂ ಆಗುವುದಿಲ್ಲ. ಕುಡಿಯುವ ದಿನ ಫ್ರಿಜ್‌ನಿಂದ ಅರ್ಧ ಗಂಟೆ ಮೊದಲೇ ಹೊರಗಿಟ್ಟು, ಒಂದು ಕ್ಯಾನನ್ನು ಮೂರು ನಾಲ್ಕು ಜನ ಹಂಚಿಕೊಳ್ಳಿ.